ಅರ್ಧಕ್ಕೆ ನಿಂತ ಫೈಲುಗಳು

ಮಾರ್ಚ್ 3, ಸೋಮವಾರ

"ಮಾಡಿದ್ದನ್ನೆಲ್ಲ ಮೊದಲಿಂದ ಬರೆದಿಡಿ. ಎಲ್ಲಿ ಕೆಟ್ಟಿತು ಅಂತ ಆಮೇಲೆ ಹುಡುಕೋಕೆ ಸುಲಭ" ಎಂದು ಮೇಲಿನ ಮನೆಯ ಕಂಪ್ಯೂಟರ್ ಮೇಷ್ಟ್ರು ಹೇಳಿದ್ದರಿಂದ ಈ ನೋಟ್‌ಬುಕ್ ತೆಗೆದಿದ್ದೇನೆ. ಮೊದಲಿಂದ ಎಂದರೆ ಎಲ್ಲಿಂದ? ಇಲ್ಲಿಂದ ಎಂದಿಟ್ಟುಕೊಳ್ಳೋಣ.

ಹದಿನಾಲ್ಕು ತಿಂಗಳ ಹಿಂದೆ ನನ್ನ ಹೆಂಡತಿಯ ಗಂಟಲಿನಿಂದ ಗಡ್ಡೆ ತೆಗೆದರು. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯೂ ಹೋಯಿತು. ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದವಳು ಅವಳು, ದಿನಕ್ಕೆ ಎಂಟು ಗಂಟೆ ಬಾಯಿ ಮುಚ್ಚದವಳು. ಈಗ ಕತ್ತಿನ ಬುಡದ ತೂತಿನಿಂದ ಉಸಿರಾಡುತ್ತಾಳೆ, ಅಂಗೈಯಗಲದ ಒಂದು ಆರ್ಗನೈಸರಿನಲ್ಲಿ ಬರೆದು ಮಾತಾಡುತ್ತಾಳೆ. ಪ್ಲಾಸ್ಟಿಕ್ ಕಡ್ಡಿಯಿಂದ ಗಾಜಿನ ಮೇಲೆ ಒಂದೊಂದೇ ಅಕ್ಷರ ಗೀಚಿದರೆ ಅದು ಅಚ್ಚಾಗಿ ಮೂಡುತ್ತದೆ. ಬರೆದು ಮುಗಿಸಿ ನಮ್ಮ ಕಡೆ ತಿರುಗಿಸುತ್ತಾಳೆ. ನಾವಿಬ್ಬರೂ ಅದನ್ನು ಸ್ಲೇಟು ಎನ್ನುತ್ತೇವೆ, ಕಡ್ಡಿಗೆ ಬಳಪ. ಹೌದು-ಇಲ್ಲ, ಬೇಕು-ಬೇಡಕ್ಕೆಲ್ಲ ಕೈಸನ್ನೆ ಸಾಕು. ಅದಕ್ಕೆ ಮೀರಿದ ಪ್ರತಿ ಮಾತೂ ಒಂದೊಂದು ಫೈಲಾಗಿ ಅದರ ಹೊಟ್ಟೆಯಲ್ಲೇ ಉಳಿಯುತ್ತದೆ. ಒಂದನ್ನೂ ಅವಳು ಅಳಿಸಿಲ್ಲ.

ಈಗ ಸ್ಲೇಟಿಗೆ ಕಾಯಿಲೆ. ಇವತ್ತು ಎರಡು ಸಲ ತಾನಾಗಿಯೇ ಕಣ್ಣು ಮುಚ್ಚಿತು. ರಿಪೇರಿಯವನು ಹಿಂಬದಿ ಬಿಚ್ಚಿ ನೋಡಿ, "ಬ್ಯಾಟರಿ ಕೂರೋ ಜಾಗದ ಸ್ಪ್ರಿಂಗ್ ಸತ್ತಿದೆ ಸಾರ್. ಒಂದು ನಿಮಿಷ ಕರೆಂಟ್ ತಪ್ಪಿದ್ರೆ ಒಳಗಿರೋದೆಲ್ಲ ಗುಡಿಸಿ ಹಾಕಿದ ಹಾಗೆ. ಇದರ ಬಿಡಿಭಾಗ ಈಗ ಎಲ್ಲೂ ಸಿಗಲ್ಲ" ಎಂದ. ಅದೇ ಜಾತಿಯ ಇನ್ನೊಂದು ಹಳೆಯ ಸ್ಲೇಟು ಅವನ ಡ್ರಾಯರಿನಲ್ಲಿತ್ತು, ಕೊಟ್ಟ. ಆದರೆ ಇದರಿಂದ ಅದಕ್ಕೆ ಫೈಲುಗಳು ನೇರವಾಗಿ ಹಾರಲಾರವು. ನಡುವೆ ಕಂಪ್ಯೂಟರ್ ಬೇಕು. ಮೊದಲು ಇದರಿಂದ ಕಂಪ್ಯೂಟರಿಗೆ, ಆಮೇಲೆ ಅಲ್ಲಿಂದ ಅದಕ್ಕೆ.

ಅವಸರ ಯಾಕೆಂದರೆ ಏಪ್ರಿಲ್ ಏಳಕ್ಕೆ ಎರಡನೇ ಆಪರೇಷನ್. ಗಂಟಲಿಗೆ ಪುಟ್ಟ ಕವಾಟ ಕೂರಿಸುತ್ತಾರೆ. ಅಭ್ಯಾಸ ಮಾಡಿದರೆ ಒಂದು ಬಗೆಯ ದನಿ ಬರುತ್ತದೆಯಂತೆ. ಕಳೆದ ತಿಂಗಳು ಡಾಕ್ಟರು "ಏನಮ್ಮಾ, ಮಾಡಿಬಿಡೋಣ್ವಾ?" ಎಂದಾಗ ಅವಳು ಆಗತಾನೇ ಬಳಪ ಹಿಡಿದು ಬರೆಯತೊಡಗಿದ್ದಳು. ಹೊರಗೆ ಜನ ಕಾಯುತ್ತಿದ್ದರು. ನಾನೇ "ಆಗಲಿ ಡಾಕ್ಟ್ರೇ" ಎಂದೆ. ಆಸ್ಪತ್ರೆಯಲ್ಲಿರುವಷ್ಟು ದಿನ ಅವಳಿಗೆ ಸ್ಲೇಟು ಬೇಕೇ ಬೇಕು. ನೋವು ಎಲ್ಲಿ, ಯಾವ ಮಾತ್ರೆ ಒಗ್ಗುವುದಿಲ್ಲ, ಎಲ್ಲ ಅದರಲ್ಲೇ ಬರೆದಿಟ್ಟಿದ್ದಾಳೆ.

ನನ್ನ ಕೆಲಸ ಕನ್ನಡಕದ ಗಾಜು ಉಜ್ಜುವುದು. ಕೂದಲೆಳೆಯಷ್ಟು ಆಚೀಚೆ ಆದರೂ ಗಾಜು ವಾಪಸು ಬರುತ್ತದೆ. ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ನಾಲ್ಕು ಫೈಲು ಸುರಿಯುವುದು ನನ್ನಿಂದ ಆಗದ ಕೆಲಸವೇ?

ಮಾರ್ಚ್ 5, ಬುಧವಾರ

ಆಗದ ಕೆಲಸ.

ಸ್ಲೇಟಿನ ಜೊತೆ ಬಂದ ಸಿ.ಡಿ. ನಮ್ಮ ಕಂಪ್ಯೂಟರಿಗೆ ಹಿಡಿಸುವುದಿಲ್ಲ. ಕಂಪ್ಯೂಟರ್ ಮೇಷ್ಟ್ರದ್ದೇ. ಸ್ಕೂಲಿನಿಂದ ನಿವೃತ್ತರಾದಾಗ ತಮ್ಮ ಹಳೆಯದನ್ನು ನಮಗೆ ಇಳಿಸಿಕೊಟ್ಟರು. ಅದರೊಳಗೆ ಇರುವುದು ಮುಕ್ತ ತಂತ್ರಾಂಶ. ಮೇಷ್ಟ್ರಿಗೆ ಅದರ ಮೇಲೆ ಇರುವ ಪ್ರೀತಿ ಸ್ವಂತ ಮಕ್ಕಳ ಮೇಲೂ ಇದೆಯೋ ಇಲ್ಲವೋ. "ಇದಕ್ಕೆ ಒಡೆಯ ಅಂತ ಯಾರೂ ಇಲ್ಲ ಸ್ವಾಮಿ. ಜಗತ್ತಿನ ಜನ ಸೇರಿ ಬರೆದಿದ್ದು. ಯಾರು ಬೇಕಾದ್ರೂ ಒಳಗೆ ಇಣುಕಿ ನೋಡಬಹುದು."

ಇಣುಕಿದೆ. ಸ್ಲೇಟನ್ನು ಅದರ ಸ್ಟ್ಯಾಂಡಿನಲ್ಲಿ ಕೂರಿಸಿ, ಹಿಂದಿನ ವೈರನ್ನು ಕಂಪ್ಯೂಟರಿಗೆ ಚುಚ್ಚಿ, ಮೇಷ್ಟ್ರು ಚೀಟಿಯಲ್ಲಿ ಬರೆದುಕೊಟ್ಟ ಸಾಲನ್ನು ಅಕ್ಷರ ತಪ್ಪದೆ ಟೈಪು ಮಾಡಿದೆ. ಕಪ್ಪು ಪರದೆಯ ಮೇಲೆ ಉತ್ತರ ಬಂತು: ಅನುಮತಿ ಇಲ್ಲ.

ಒಡೆಯನೇ ಇಲ್ಲದ ಮನೆಯಲ್ಲಿ ಅನುಮತಿ ಇಲ್ಲ ಎಂದವನು ಯಾರು? ಹನ್ನೊಂದು ಸಲ ಟೈಪು ಮಾಡಿದೆ. ಹನ್ನೊಂದು ಸಲವೂ ಅದೇ ಮಾತು.

ಅವಳು ಪಕ್ಕದಲ್ಲಿ ನಿಂತು ಏನೋ ಬರೆಯತೊಡಗಿದಳು. "ಗೊತ್ತು, ಗೊತ್ತು, ಊಟಕ್ಕೆ ಬರ್ತೀನಿ" ಎಂದೆ. ಹೋದಳು.

ಮಾರ್ಚ್ 6, ಗುರುವಾರ

ಏನೂ ಆಗಲಿಲ್ಲ. ಕೆಲಸದಲ್ಲಿ ಎರಡು ಗಾಜು ಒಡೆದೆ.

ಮಾರ್ಚ್ 8, ಶನಿವಾರ

ಮೇಷ್ಟ್ರು ಕೆಳಗಿಳಿದು ಬಂದು ಎರಡೇ ನಿಮಿಷದಲ್ಲಿ ಅನುಮತಿ ಕೊಡಿಸಿದರು. ವೈರು ಚುಚ್ಚುವ ಆ ಕಿಂಡಿಯನ್ನು ಬಳಸಬಹುದಾದವರ ಒಂದು ಪಟ್ಟಿ ಇದೆಯಂತೆ, ಅದರಲ್ಲಿ ನನ್ನ ಹೆಸರು ಇರಲಿಲ್ಲ. "ಯಂತ್ರದ ಮೇಲೆ ಕೋಪ ಮಾಡ್ಕೋಬೇಡಿ. ಕೇಳೋ ರೀತೀಲಿ ಕೇಳಿದ್ರೆ ಕೊಡತ್ತೆ. ಇನ್ನೊಂದು ವಿಷಯ, ಕಂಪ್ಯೂಟರು 'ಈಗ ಒತ್ತಿ' ಅಂದಮೇಲೇ ಸ್ಟ್ಯಾಂಡಿನ ಗುಂಡಿ ಒತ್ತಬೇಕು. ನೀವು ಅದಕ್ಕೆ ಮುಂಚೆನೇ ಒತ್ತಿಬಿಡ್ತೀರಿ."

ಒತ್ತಿದೆ. ಫೈಲುಗಳು ಒಂದೊಂದಾಗಿ ಇಳಿಯತೊಡಗಿದವು. ನೂರಕ್ಕೆ ಅರವತ್ತೊಂದು ಆದಾಗ ನಿಂತಿತು. ಮತ್ತೆ ಮಾಡಿದರೆ ಮೂವತ್ತೆಂಟಕ್ಕೇ. ವೈರಿನ ಒಳಗೆ ಎಲ್ಲೋ ಮುರಿದಿರಬೇಕು ಎಂದರು ಮೇಷ್ಟ್ರು.

ಸಂಜೆ ಸ್ಲೇಟು ಮತ್ತೆ ಕಣ್ಣು ಮುಚ್ಚಿತು. ಬ್ಯಾಟರಿಯನ್ನು ಬೆರಳಿನಿಂದ ಒತ್ತಿ ಹಿಡಿದು ಐದು ನಿಮಿಷ ಕೂತಿದ್ದೆ, ಎಳೆಗೂಸಿನ ನಾಡಿ ಹಿಡಿದ ಹಾಗೆ. ಎಚ್ಚರವಾಯಿತು. ಈಗ ಹಿಂಬದಿಗೆ ಟೇಪು ಸುತ್ತಿದ್ದೇನೆ.

ಮಾರ್ಚ್ 9, ಭಾನುವಾರ

ಅಕ್ಕ ಬಂದಿದ್ದಳು. ಬಂದವಳು ನನ್ನ ಹೆಂಡತಿಯ ಪಕ್ಕ ಕೂತು, "ಹೇಗಿದ್ದೀಯೇ? ಆಪರೇಷನ್ ಅಂದ್ರೆ ಭಯ ಆಗ್ತಿದ್ಯಾ?" ಎಂದು ಕೇಳಿದಳು. ಇವಳು ಸ್ಲೇಟು ತೆಗೆದಳು. ಬರೆಯುವುದು ನಿಧಾನ, ಅಕ್ಕನಿಗೆ ಬಸ್ಸಿನ ಹೊತ್ತು. "ಭಯ ಏನಿಲ್ಲ ಅಕ್ಕ, ಧೈರ್ಯವಾಗಿದ್ದಾಳೆ" ಎಂದೆ.

"ನಿನ್ನನ್ನ ಕೇಳಿದ್ನೇನೋ?" ಎಂದಳು ಅಕ್ಕ.

ಚಿಕ್ಕಂದಿನಿಂದಲೂ ಅವಳ ನಾಲಿಗೆ ಹೀಗೇ. ಸಹಾಯ ಮಾಡಿದರೂ ಬಯ್ಯುತ್ತಾಳೆ.

ಮಾರ್ಚ್ 12, ಬುಧವಾರ

ಬಂತು! ಹೊಸ ವೈರಿನಲ್ಲಿ, ಒಂದೇ ಉಸಿರಿಗೆ, ನೂರಕ್ಕೆ ನೂರು. ನಾನೂರ ಹನ್ನೆರಡು ಫೈಲುಗಳು. ಮೇಷ್ಟ್ರನ್ನು ಕೂಗಿದೆ. ಅವರು ಮೆಟ್ಟಿಲ ಮೇಲೆ ನಿಂತೇ ಚಪ್ಪಾಳೆ ತಟ್ಟಿದರು. ಹೆಂಡತಿಗೆ ಹೇಳಿದೆ. ನಕ್ಕಳು. ಅವಳ ನಗುವಿಗೆ ಈಗ ಸದ್ದಿಲ್ಲ, ಹೆಗಲು ಮಾತ್ರ ಕುಣಿಯುತ್ತದೆ.

ಅವಳು ಪೇಟೆಗೆ ಹೋದಮೇಲೆ, ಎಲ್ಲ ಸರಿಯಾಗಿ ಬಂದಿದೆಯೇ ಎಂದು ಫೈಲುಗಳನ್ನು ತೆರೆದು ನೋಡತೊಡಗಿದೆ. ಸರಿಯಾಗಿ ಬಂದಿಲ್ಲ. ಅರ್ಧಕ್ಕರ್ಧ ತುಂಡಾಗಿವೆ.

"ರೀ, ನನಗೆ ಈ ಸಲ"
"ಬಾಗಿಲ ಹತ್ರ ಇಟ್ಟಿದ್ದು ನಾನಲ್ಲ, ಅದು"
"ನಿಮ್ಮಕ್ಕ ಹೇಳಿದ್ದು ತಪ್ಪು ಅಂತ ಅಲ್ಲ, ಆದ್ರೆ"
"ರೀ, ನಿಮಗೆ ನೆನಪಿದ್ಯಾ, ನಾವು ಅವತ್ತು"
"ಡಾಕ್ಟ್ರೇ, ಆಪರೇಷನ್ ವಿಷಯದಲ್ಲಿ ನನಗೆ"

ಹೀಗೆ ಎಷ್ಟೋ. ಅರ್ಧವನ್ನು ವೈರು ನುಂಗಿತೋ, ಕಂಪ್ಯೂಟರು ನುಂಗಿತೋ? ಅವಳಿಗೆ ಹೇಳಲಿಲ್ಲ. ಹದಿನಾಲ್ಕು ತಿಂಗಳ ಮಾತು ಅದು. ಹೇಗೆ ಹೇಳಲಿ?

ಮಾರ್ಚ್ 13, ಗುರುವಾರ

ಮತ್ತೆ ಇಳಿಸಿದೆ. ಅದೇ.

ಮಾರ್ಚ್ 15, ಶನಿವಾರ

ಮೂರು ಸಲ ಇಳಿಸಿ ಮೂರು ನಕಲುಗಳನ್ನು ಪಕ್ಕಪಕ್ಕ ಇಟ್ಟು ಅಳೆದೆ. ಒಂದು ಅಕ್ಷರದ ವ್ಯತ್ಯಾಸವೂ ಇಲ್ಲ. ವೈರಿನ ತಪ್ಪಾಗಿದ್ದರೆ ಒಂದೊಂದು ಸಲ ಒಂದೊಂದು ಕಡೆ ಕಡಿಯಬೇಕಿತ್ತು. ಆಮೇಲೆ ಸ್ಲೇಟನ್ನೇ ತೆರೆದು ನೋಡಿದೆ. ಅಲ್ಲೂ ತುಂಡು! ಅಂದರೆ ಸ್ಲೇಟಿನ ನೆನಪೇ ಕೊಳೆತಿದೆ. ಒಳಗೊಳಗೇ ತಿಂದುಹಾಕಿದೆ.

ಮಧ್ಯಾಹ್ನವೆಲ್ಲ ಕೂತು ಲೆಕ್ಕ ಹಾಕಿದೆ. ತುಂಡಾದವು ನೂರ ಎಂಬತ್ತಾರು. ವಿಚಿತ್ರವೆಂದರೆ, ಹಿಂದೆ ಡ್ರೈವಿಂಗ್ ಕಲಿಯಲು ಬರುತ್ತಿದ್ದ, ಈಗಲೂ ಸಂಶಯ ಕೇಳಲು ಮನೆಗೆ ಬರುವ ಬೇಕರಿಯಾಕೆಗೆ ಬರೆದವು ಒಂದೂ ಕೆಟ್ಟಿಲ್ಲ. "ಕ್ಲಚ್ಚಿನ ಮೇಲಿಂದ ಕಾಲು ನಿಧಾನಕ್ಕೆ ತೆಗಿ. ಗಾಡಿ ನಿನ್ನ ಸವತಿ ಅಲ್ಲ, ಅಷ್ಟೊಂದು ತುಳೀಬೇಡ" ಎಂದು ಪೂರ್ತಿ ಇದೆ, ಕೊನೆಯ ಚುಕ್ಕಿಯ ಸಮೇತ. ಮೇಷ್ಟ್ರ ಹೆಂಡತಿಗೆ ಬರೆದವೂ ಪೂರ್ತಿ ಇವೆ. "ರೀ" ಎಂದು ಶುರುವಾದವು ಮಾತ್ರ ಸಾಲಾಗಿ ಕಡಿದುಬಿದ್ದಿವೆ. ಡಾಕ್ಟರಿಗೆ ಬರೆದವೂ ಅಷ್ಟೇ. "ರೀ" ಎಂಬ ಅಕ್ಷರದಲ್ಲೇ ಏನೋ ದೋಷ ಇದೆಯೇ? ಮೇಷ್ಟ್ರನ್ನು ಕೇಳಬೇಕು.

ಅವಳ ದನಿಯನ್ನು ನೆನಪಿಸಿಕೊಳ್ಳಲು ನೋಡಿದೆ. "ಕ್ಲಚ್! ಕ್ಲಚ್!" ಎಂದು ಕಾರಿನಲ್ಲಿ ಕಿರುಚುತ್ತಿದ್ದದ್ದೊಂದೇ ಕಿವಿಗೆ ಬರುತ್ತದೆ. ಮೆಲ್ಲಗೆ ಮಾತಾಡುತ್ತಿದ್ದದ್ದು ಬರುವುದಿಲ್ಲ. ಏಪ್ರಿಲ್ ಏಳು ಆದಮೇಲೆ ಏನಾದರೂ ಒಂದು ಕೇಳಿಸುತ್ತದಲ್ಲ, ಅಷ್ಟು ಸಾಕು.

ಮಾರ್ಚ್ 17, ಸೋಮವಾರ

ಹಳೆಯ ಸ್ಲೇಟು ಬೆಳಗ್ಗೆ ಕಾಫಿಯ ಹೊತ್ತಿಗೆ ನಿಂತುಹೋಯಿತು. ಒತ್ತಿ ಹಿಡಿದೆ, ಟೇಪು ಬಿಚ್ಚಿ ಸುತ್ತಿದೆ, ಹೊಸ ಬ್ಯಾಟರಿ ಹಾಕಿದೆ. ಕೊನೆಗೆ ಎದ್ದಿತು, ಅಂಗಡಿಯಿಂದ ಈಗ ತಾನೇ ತಂದ ಹಾಗೆ. ಒಳಗೆ ಏನೂ ಇಲ್ಲ.

ಅವಳು ನೋಡುತ್ತಾ ನಿಂತಿದ್ದಳು. ಬರೆಯಲು ಏನೂ ಇಲ್ಲದೆ ನನ್ನ ಭುಜದ ಮೇಲೆ ಕೈಯಿಟ್ಟಳು. ನನಗೆ ಆ ಕೈ ಏನು ಹೇಳುತ್ತಿದೆ ಎಂದು ತಿಳಿಯಲಿಲ್ಲ. ಸಮಾಧಾನವೋ, ಬಿಟ್ಟುಬಿಡಿ ಎಂದೋ?

ಕಂಪ್ಯೂಟರಿನಲ್ಲಿದ್ದ ನಕಲನ್ನು ಎರಡನೇ ಸ್ಲೇಟಿಗೆ ಏರಿಸಿದೆ. ನಾನೂರ ಹನ್ನೆರಡೂ ಏರಿದವು. ತುಂಡಾದವು ತುಂಡಾಗಿಯೇ ಏರಿದವು.

ಹೊಸ ಸ್ಲೇಟಿನಲ್ಲಿ ಅವಳು ಮೊದಲು ಬರೆದದ್ದು: "ಎಲ್ಲ ಬಂತಾ?"

"ಬಂತು" ಎಂದೆ. ಸುಳ್ಳು.

ಮಾರ್ಚ್ 19, ಬುಧವಾರ

ಮೇಷ್ಟ್ರು ಒಂದು ಗಂಟೆ ಕೂತು ನೋಡಿದರು. ಫೈಲುಗಳ ಒಳಗನ್ನು ಅಂಕಿಗಳ ಸಾಲಾಗಿ ತೆರೆದು, ಕನ್ನಡಕವನ್ನು ಹಣೆಗೇರಿಸಿ, ಬೆರಳಿಟ್ಟು ಓದಿದರು. ನಾನು ಪಕ್ಕದಲ್ಲಿ ಕೂತಿದ್ದೆ, ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತಿದ್ದ ಹಾಗೆ.

"ಫೈಲು ಸರಿಯಾಗಿದೆ ಸ್ವಾಮಿ."

"ಅರ್ಧ ಇಲ್ವಲ್ಲ ಮೇಷ್ಟ್ರೇ?"

"ಯಂತ್ರ ತಿಂದಿದ್ರೆ ಗಲೀಜು ಮಾಡಿ ತಿಂದಿರುತ್ತೆ. ಅಕ್ಷರದ ಮಧ್ಯದಲ್ಲೇ ಕಚ್ಚಿರುತ್ತೆ, ಕಸ ಉದುರಿಸಿರುತ್ತೆ. ಇಲ್ಲಿ ನೋಡಿ, ಪ್ರತಿ ಫೈಲಿನ ಕೊನೇಲಿ 'ಇಲ್ಲಿಗೆ ಮುಗೀತು' ಅನ್ನೋ ಗುರುತು ಇದೆ. ಎಲ್ಲಕ್ಕೂ ಇದೆ. ಬರೆಯೋರು ಎಲ್ಲಿ ಕೈ ಎತ್ತಿದ್ರೋ ಅಲ್ಲಿಗೇ ಇದೆ."

"ಅಂದ್ರೆ?"

"ಅಂದ್ರೆ ಇಷ್ಟೇ ಇದ್ದದ್ದು. ಉಳಿದರ್ಧ ಯಾವತ್ತೂ ಇರಲೇ ಇಲ್ಲ."

ಮೇಷ್ಟ್ರು ನನ್ನ ಮುಖ ನೋಡದೆ ಕನ್ನಡಕ ಒರೆಸಿಕೊಂಡರು. "ಯಾಕೆ ನಿಲ್ಲಿಸಿದ್ರು ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ. ಅವರನ್ನೇ ಕೇಳಿ" ಎಂದು ಮೇಲೆ ಹೋದರು.

ಮಾರ್ಚ್ 20, ಗುರುವಾರ

ಕೇಳಿದೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಫೈಲುಗಳ ಪಟ್ಟಿಯನ್ನು ಮುಂದೆ ಹಿಡಿದು, "ಇವೆಲ್ಲ ಯಾಕೆ ಹೀಗಿವೆ?" ಎಂದೆ. ಅವಳು ಕೈ ಒರೆಸಿಕೊಂಡು ಓದಿದಳು. ತುಂಬ ಹೊತ್ತು ಓದಿದಳು. ಒಂದೆರಡು ಕಡೆ ಹುಬ್ಬು ಗಂಟಿಕ್ಕಿದಳು, ಒಂದು ಕಡೆ ನಕ್ಕಳು. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದಳು:

"ಕೆಟ್ಟಿಲ್ಲ. ಅಷ್ಟು ಬರೆಯೋ ಹೊತ್ತಿಗೆ ನೀವು ಉತ್ತರ ಕೊಟ್ಟಾಗಿರ್ತಿತ್ತು."

ನಾನು ಬಾಯಿ ತೆರೆದೆ. ಅವಳು ಒಂದು ಬೆರಳೆತ್ತಿ ತಡೆದು, ಮತ್ತೆ ಬರೆದಳು:

"ಕೆಲವು ಸಲ ಸರಿಯಾಗೇ ಹೇಳ್ತಿದ್ರಿ. ಅದಕ್ಕೇ ಬಿಟ್ಟುಬಿಡ್ತಿದ್ದೆ."

ಇದಕ್ಕಿಂತ ಹೆಚ್ಚಿಗೆ ಇವತ್ತು ಬರೆಯಲಾರೆ. ಕಳೆದುಹೋಗಿದ್ದರೆ ಹುಡುಕುತ್ತಿದ್ದೆ. ಇರದಿದ್ದದ್ದನ್ನು ಯಾವ ವೈರಿನಿಂದ ತರಲಿ?

ಮಾರ್ಚ್ 22, ಶನಿವಾರ

ಊಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ನಡುನಡುವೆ ಅವಳು ಬರೆಯುತ್ತಾಳೆ. ತುತ್ತು ಕೈಯಲ್ಲೇ ಒಣಗುತ್ತದೆ. ಮೇಷ್ಟ್ರ ಹೆಂಡತಿಗೂ ಮೀನುಗಾಡಿಯವನಿಗೂ ಆದ ಜಗಳದ ಬಗ್ಗೆ ಏನೋ ಉದ್ದ ಕಥೆ. ನನಗೆ ಪೂರ್ತಿ ಅರ್ಥವೂ ಆಗಲಿಲ್ಲ.

ಮಾರ್ಚ್ 24, ಸೋಮವಾರ

ಕೆಲಸಕ್ಕೆ ತಡವಾಗಿ ಹೋದೆ. ಹೊರಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಏನೋ ಹೇಳುವುದಿತ್ತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದೆ. ಕೊಡೆ ತಗೊಂಡು ಹೋಗಿ ಎಂದಿರಬೇಕು ಎಂದುಕೊಂಡಿದ್ದೆ. ಅದಲ್ಲ. ತಲೆಯ ಹಿಂದೆ ಬಾಚಿಲ್ಲ ಎಂದು ಬರೆದಿದ್ದಳು.

ನನ್ನ ಊಹೆಗಳು ಹೀಗೆ ತಪ್ಪುತ್ತವೆ ಎಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಮಾರ್ಚ್ 27, ಗುರುವಾರ

ಮಧ್ಯಾಹ್ನ ಡಾಕ್ಟರ ಹತ್ತಿರ ಹೋಗಿದ್ದೆವು, ಆಪರೇಷನ್ನಿಗೆ ಮುಂಚಿನ ಕೊನೆಯ ಭೇಟಿಗೆ. ಸಣ್ಣ ಕೋಣೆ, ಗೋಡೆಯ ಮೇಲೆ ಸೀಳಿದ ಗಂಟಲಿನ ಚಿತ್ರ. ಡಾಕ್ಟರು ಕಾಗದ ತಿರುವಿಹಾಕುತ್ತಾ, "ಏಳನೇ ತಾರೀಕು. ಎಲ್ಲ ಸರಿ ಅಲ್ವಾ ಅಮ್ಮಾ?" ಎಂದರು.

ಅವಳು ಸ್ಲೇಟು ತೆಗೆದಳು. ಬರೆಯತೊಡಗಿದಳು.

ಡಾಕ್ಟರು ಕಾದರು. ಗಡಿಯಾರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಏನ್ ಸಾರ್, ಡೇಟ್ ಗ್ಯಾರಂಟಿ ತಾನೆ?" ಎಂದರು. ಹೌದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆ ಒಂದು ಮಾತು ಆಡಿದ್ದರೆ ಎಲ್ಲ ನಾನಂದುಕೊಂಡಂತೆ ಆಗುತ್ತಿತ್ತು.

"ಅವಳು ಬರೀತಿದ್ದಾಳೆ" ಎಂದೆ.

ಬಾಗಿಲು ತೆಗೆದು ನರ್ಸು ಇಣುಕಿದಳು, ಹೋದಳು. ಬಳಪದ ಸದ್ದು ಟಿಕ್ ಟಿಕ್ ಎಂದು ಕೇಳುತ್ತಿತ್ತು. ಒಂದು ಕಡೆ ಅಳಿಸಿ ಮತ್ತೆ ಬರೆದಳು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಕೊನೆಗೂ ಸ್ಲೇಟನ್ನು ಮೇಜಿನ ಮೇಲೆ ಡಾಕ್ಟರ ಕಡೆ ತಿರುಗಿಸಿದಳು. ತಲೆಕೆಳಗಾಗಿದ್ದದ್ದನ್ನು ನಾನೂ ಓದಿದೆ.

"ನನಗೆ ಮಾತು ಬೇಡ ಅಂತಲ್ಲ. ಆ ಆಪರೇಷನ್ ಮೇಜಿನ ಮೇಲೆ ಇನ್ನೊಂದು ಸಲ ಮಲಗೋ ಧೈರ್ಯ ಇಲ್ಲ. ಕವಾಟ ಕೂರಿಸಿದ್ರೆ ಅದನ್ನ ಬದಲಾಯಿಸೋಕೆ ಮತ್ತೆ ಮತ್ತೆ ಇಲ್ಲಿಗೆ ಬರಬೇಕು. ಆಸ್ಪತ್ರೆ ವಾಸನೆ ಬಂದ್ರೆ ನನಗೆ ಉಸಿರು ಕಟ್ಟತ್ತೆ. ಇವರಿಗೆ ನನ್ನ ದನಿ ಕೇಳೋ ಆಸೆ, ಗೊತ್ತು. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಈಗ ಬೇಡ. ಧೈರ್ಯ ಬಂದ ದಿನ ನಾನೇ ಬರ್ತೀನಿ."

ಡಾಕ್ಟರು ಎರಡು ಸಲ ಓದಿದರು. "ಆಯ್ತಮ್ಮಾ. ಇದಕ್ಕೇನೂ ಅವಸರ ಇಲ್ಲ. ಯಾವಾಗ ಬಂದ್ರೂ ಮಾಡೋಣ" ಎಂದು ಏಳನೇ ತಾರೀಕಿನ ಮೇಲೆ ಗೆರೆ ಎಳೆದರು.

ಒಂದು ಗೆರೆ. ಒಂದು ತಿಂಗಳಿನಿಂದ ನಾನು ನೆಚ್ಚಿಕೊಂಡಿದ್ದದ್ದು ಅದರ ಕೆಳಗೆ ಹೋಯಿತು. ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಅವಳು ಕರವಸ್ತ್ರ ಕೊಟ್ಟಳು. ಅವಳ ದನಿಯನ್ನು ನಾನು ಇನ್ನು ಕೇಳುವುದಿಲ್ಲ ಎಂದೇ ತೋರುತ್ತದೆ. ಅದಕ್ಕೆ ನಾನು ಮಾಡಬಹುದಾದದ್ದು ಏನೂ ಇಲ್ಲ. ಬೇಡವೆನ್ನಲು ಅವಳಿಗೆ ಕಾರಣವಿದೆ, ಬೇಕೆನ್ನಲು ನನಗೆ ಬರೀ ಆಸೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಸ್ವಲ್ಪ ದೂರ ಹೋದಮೇಲೆ ಬರೆಯಲು ಶುರುಮಾಡಿದಳು. ಕುಲುಕಾಟಕ್ಕೆ ಅಕ್ಷರ ತಪ್ಪುತ್ತಿದ್ದವು. ತಿದ್ದಿ ತಿದ್ದಿ ಬರೆದಳು, ಒಂದಿಷ್ಟು ಬರೆದು ತೋರಿಸಿ ಮತ್ತೆ ಬರೆದಳು. ಮೊದಲನೇ ಆಪರೇಷನ್ ಆದಾಗ ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಕಿವಿ ಪೂರಾ ಕೇಳದು. "ಯಾಕೆ ಮುಖ ಊದಿಸ್ಕೊಂಡಿದ್ದೀಯೇ, ಮಾತಾಡೇ" ಎಂದು ಬೆಳಗಿನಿಂದ ಇವಳಿಗೆ ಗಂಟು ಬಿದ್ದಳಂತೆ. ಇವಳು "ನನಗೆ ಮಾತು ಬರಲ್ಲ ಅಜ್ಜಿ" ಎಂದು ದೊಡ್ಡದಾಗಿ ಕಾಗದದಲ್ಲಿ ಬರೆದು ತೋರಿಸಿದರೆ, ಅಜ್ಜಿಯ ಕನ್ನಡಕ ಮನೆಯಲ್ಲೇ ಉಳಿದಿತ್ತಂತೆ.

ಅಷ್ಟರಲ್ಲಿ ನಮ್ಮ ಸ್ಟಾಪು ಬಂತು. ಅವಳು ತಲೆ ಬಗ್ಗಿಸಿ ಬರೆಯುತ್ತಿದ್ದಳು, ನೋಡಲಿಲ್ಲ. ನಾನು ಏಳಲಿಲ್ಲ. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು.

ಅಜ್ಜಿ ಮೂರು ದಿನ ತನ್ನ ಸೊಸೆಯರ ಕಥೆಯನ್ನೆಲ್ಲ ಇವಳಿಗೆ ಹೇಳಿದಳಂತೆ. ಮನೆಗೆ ಹೊರಟ ದಿನ ಮಗಳ ಕೈಹಿಡಿದು, "ಪಕ್ಕದ ಬೆಡ್ಡಿನ ಈ ಹುಡುಗಿ ಅಪರಂಜಿ ಕಣೇ. ಮೂರು ದಿನ ಆಯ್ತು, ಒಂದೇ ಒಂದು ಎದುರುತ್ತರ ಕೊಟ್ಟಿಲ್ಲ" ಎಂದಳಂತೆ.

ಅದನ್ನು ಬರೆದು ಮುಗಿಸುವ ಮೊದಲೇ ಇವಳ ಹೆಗಲು ಕುಣಿಯತೊಡಗಿತ್ತು. ನನಗೂ ತಡೆಯಲಾಗಲಿಲ್ಲ. ಜೋರಾಗಿ ನಕ್ಕೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಇಳೀರಿ, ಇಳೀರಿ, ಕೊನೇ ಸ್ಟಾಪು" ಎಂದ ಡ್ರೈವರು.

ವಾಪಸು ಬಸ್ಸಿಗೆ ಅರ್ಧ ಗಂಟೆ ಇತ್ತು. ನಡೆದೇ ಬಂದೆವು. ನಡೆಯುತ್ತಾ ಬರೆಯಲಾಗುವುದಿಲ್ಲವಾದ್ದರಿಂದ, ಅವಳಿಗೆ ಏನಾದರೂ ನೆನಪಾದಾಗಲೆಲ್ಲ ಅಂಗಡಿಯ ಕಟ್ಟೆಗೋ ಗೋಡೆಗೋ ಒರಗಿ ನಿಲ್ಲಬೇಕು. ಆರೇಳು ಸಲ ನಿಂತೆವು. ಮನೆ ಮುಟ್ಟುವಷ್ಟರಲ್ಲಿ ಹಾಲಿನ ಅಂಗಡಿ ಮುಚ್ಚಿತ್ತು. ಕಪ್ಪು ಕಾಫಿ ಕುಡಿದೆವು. ಕಾಲು ನೋಯುತ್ತಿದೆ. ಇಡೀ ದಿನದಲ್ಲಿ ಒಂದು ಕೆಲಸವೂ ಆಗಲಿಲ್ಲ.